ಅವ್ವನ ಹೆಪ್ಪು

ಮಾರ್ಚ್ 4, ವಾಡಿ
ಎದ್ದೆ. ಥೈರಾಯ್ಡ್ ಗುಳಿಗೆ, ಲೋಟದ ತುಂಬ ಮಜ್ಜಿಗೆ. ಗುಳಿಗೆ ಉಷ್ಣ, ಬರೀ ನೀರಿನಲ್ಲಿ ನುಂಗಬಾರದು — ಅವ್ವನ ಕಾನೂನು. ಅವ್ವ ಹೋಗಿ ತಿಂಗಳಾಯಿತು. ಮೊಸರು ಮಾತ್ರ ಇನ್ನೂ ಅವಳ ಹೆಪ್ಪಿನದೇ. ತನ್ನೂರು ದಂಡೋತಿಯಿಂದ ಡಬ್ಬಿಯಲ್ಲಿ ತಂದುಕೊಟ್ಟಿದ್ದಳು.

ಇವತ್ತೂ ಅಳು ಬರಲಿಲ್ಲ. ಮಣ್ಣು ಕೊಟ್ಟ ದಿನವೂ ಬಂದಿರಲಿಲ್ಲ. ತಂಗಿ ರಾಧಿಕಾ ಎಲ್ಲರ ಮುಂದೆಯೇ ಅಂದಳು, "ಅಕ್ಕಾ, ನಿನ್ನ ಎದಿ ಏನ್ ಶಹಾಬಾದ ಕಲ್ಲೇನು?" ಇರಬಹುದು. ಕೂದಲು ಉದುರುತ್ತಿದೆ, ಮುಖ ಊದಿದೆ, ಹೊಟ್ಟೆ ಕಟ್ಟಿದೆ. ನಿದ್ದೆ ಮಾತ್ರ ಭರ್ಜರಿ.

ಮಾರ್ಚ್ 11
ಪಕ್ಕದ ಮನೆ ಬಷೀರಾ ನನ್ನನ್ನು ಶಹಾಬಾದಿಗೆ ಎಳೆದುಕೊಂಡು ಹೋದಳು. ಡಾಕ್ಟರು ರಿಪೋರ್ಟ್ ನೋಡಿ ಕನ್ನಡಕ ತೆಗೆದರು.

"ಗುಳಿಗಿ ತಗೊಳ್ಳಾಕತ್ತೀರೋ, ಹೊರಗ ಚೆಲ್ಲಾಕತ್ತೀರೋ?"

"ಮಜ್ಜಿಗಿ ಜೋಡಿ ನುಂಗಾಕತ್ತೀನ್ರಿ."

"ಅಯ್ಯೋ ತಾಯಿ! ಮಜ್ಜಿಗಿ ಇದ್ರ ಗುಳಿಗಿ ಮೈಗೆ ಹತ್ತಂಗಿಲ್ಲ. ಖಾಲಿ ಹೊಟ್ಟಿಗೆ ಬರೇ ನೀರು. ಮೊಸರು ಮಧ್ಯಾಹ್ನ ಉಣ್ರಿ. ಹೊಟ್ಟ್ಯಾಗಿನ ಒಳ್ಳೆ ಬ್ಯಾಕ್ಟೀರಿಯಾಕ್ಕ ಅದೂ ಬೇಕು."

ಏನೂ ಅನ್ನಿಸದ ಈ ಮಂಕು, ಗುಳಿಗೆ ಮೈಗೆ ಹತ್ತದೇ ಇರುವುದಕ್ಕೂ ಇರಬಹುದಂತೆ. "ಅಳು ಬರ್ತದೇನ್ರಿ?" ಅಂತ ಕೇಳಿದೆ. ಬಷೀರಾ ನನ್ನ ಮುಖವನ್ನೇ ನೋಡಿದಳು. "ನೋಡೂಣು" ಅಂದರು ಡಾಕ್ಟರು.

ಅವ್ವ ಇದ್ದಿದ್ದರೆ ಡಾಕ್ಟರಿಗೇ ಬೈಯುತ್ತಿದ್ದಳು.

ಮಾರ್ಚ್ 29
ಗುಳಿಗೆ, ನೀರು. ಮಜ್ಜಿಗೆ ಬಿಟ್ಟ ಮೇಲೆ ಮೊಸರಿನ ನೆನಪೇ ಹೋಯಿತು. ಇವತ್ತು ಮುಚ್ಚಳ ತೆಗೆದರೆ ಹಸಿರು ಬೂಷ್ಟು. ಎಷ್ಟು ದಿನವಾಗಿತ್ತೋ... ಮೋರಿಗೆ ಸುರಿದೆ. ಗಡಿಗೆ ತೊಳೆದು ಬೋರಲು ಹಾಕಿದೆ. ಅವ್ವನ ಹೆಪ್ಪು ಅಲ್ಲಿಗೆ ಮುಗಿಯಿತು.

ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಅಂಗಡಿಗೆ ಹೋಗಿ ಪಾಕೀಟು ಮೊಸರು ತಂದೆ.

ಮೇ 17
ಕೆಂಡದಂಥ ಬಿಸಿಲು. ಥೈರಾಯ್ಡ್ ರಿಪೋರ್ಟಿನಲ್ಲಿ ಟಿಎಸ್‌ಎಚ್ ಇಳಿದಿದೆ, ಮುಖದ ಬಾವೂ ಕಡಿಮೆ. ಬೆಳಿಗ್ಗೆ ಗೂಡ್ಸ್ ಗಾಡಿಯ ಸದ್ದಿಗೆ ಬೆಚ್ಚಿಬಿದ್ದೆ. ಬೆಚ್ಚಿ ಎಷ್ಟು ಕಾಲವಾಗಿತ್ತು!

ರಾಧಿಕಾಗೆ ಫೋನ್ ಮಾಡಿದೆ. "ಅವ್ವನ ಹೆಪ್ಪು ನಿನ್ನ ಹತ್ರ ಅದ ಏನು?"

"ಎಲ್ಲೀದು ಅಕ್ಕಾ, ನಮ್ಮನ್ಯಾಗ ಪಾಕೀಟೇ."

ಫೋನ್ ಇಟ್ಟೆ. ಬೋರಲು ಹಾಕಿದ್ದ ಗಡಿಗೆ ಎತ್ತಿ ಮೂಸಿದೆ, ಮತ್ತೆ ಬೋರಲು ಹಾಕಿದೆ.

ಮೇ 20, ಮಧ್ಯಾಹ್ನ
ಬಷೀರಾ ಬಟ್ಟಲು ಹಿಡಿದು ಬಂದಳು. "ಅಕ್ಕಾ, ನಿಮ್ಮ ಗಡಿಗಿ ಬೋರಲು ಬಿದ್ದದ್ದು ನಿನ್ನಿ ನೋಡಿದೆ. ಮೊಸರು ಉಣ್ರಿ."

"ಪಾಕೀಟಿಂದೇನು?"

"ಪಾಕೀಟ್ಯಾಕ್ರಿ? ಹ್ವಾದ ವರ್ಷ ನಿಮ್ಮವ್ವನೇ ಹೆಪ್ಪು ಕೊಟ್ಟಿದ್ರಲ್ಲ. 'ನನ್ನ ಮಗಳು ಮರೆಗುಳಿ ಅದಾಳ, ಬಷೀರಾ. ಆಕಿ ಒಂದಿನ ಹೆಪ್ಪು ಹಾಳ ಮಾಡ್ತಾಳ. ಬೈಬ್ಯಾಡ, ತಿರಗಿ ಕೊಡು' ಅಂದಿದ್ರು."

ಒಂದು ಚಮಚ ಬಾಯಿಗಿಟ್ಟೆ. ಅದೇ ಹುಳಿ.

ಬಷೀರಾ ಹೋದಳು. ಗಡಿಗೆ ನೆಟ್ಟಗಿಟ್ಟಿದ್ದೇನೆ. ಹಾಲು ಒಲೆಯ ಮೇಲಿದೆ. ಉಕ್ಕಿತೇನೋ, ಸೀದ ವಾಸನೆ ಬರುತ್ತಿದೆ. ಏಳಬೇಕು. ಏಳಲಾಗುತ್ತಿಲ್ಲ, ಹಾಳೆಯ ಮೇಲೆ ಹನಿ ಬಿದ್ದು ಶಾಯಿ ಹರಡುತ್ತಿದೆ. ಅವ್ವಾ, ಇವತ್ತು ನಾನು —