ಮೂರನೆಯ ಕರೆ

ಬಳ್ಳಾರಿ
20 ನವೆಂಬರ್ 2024, ಬುಧವಾರ

ಪ್ರೀತಿಯ ಸುನಂದಾ,

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಕಾಗದದಲ್ಲಿ ಉತ್ತರ ಬರೆಯುತ್ತಿದ್ದೇನೆ. ಮೆಸೇಜು ಕಳಿಸಿದರೆ ನೀನು ಓದಿದ್ದು ನನಗೆ ತಕ್ಷಣ ಗೊತ್ತಾಗುತ್ತದೆ. ಆಮೇಲೆ ನಿನ್ನ ಮಾತು ಬರುವವರೆಗೆ ಆ ನೀಲಿ ಗೆರೆಗಳನ್ನೇ ನೋಡುತ್ತ ಕೂರಬೇಕು. ಎಂ.ಎ. ಓದುವಾಗ ಒಂದೇ ಬೆಂಚಿನಲ್ಲಿ ಕೂತಿದ್ದರೂ, ಬಾಯಿಬಿಟ್ಟು ಹೇಳಲಾಗದ್ದನ್ನು ನಿನ್ನ ನೋಟ್ಸಿನೊಳಗೆ ಚೀಟಿ ಮಾಡಿ ಇಡುತ್ತಿದ್ದೆನಲ್ಲ, ಇದೂ ಹಾಗೆಯೇ. ಸ್ವಲ್ಪ ದೊಡ್ಡ ಚೀಟಿ.

ನಿಮ್ಮವ್ವ ಒಂಬತ್ತು ದಿನದಿಂದ ಮುಂಬಾಗಿಲು ಮುಚ್ಚಗೊಡುತ್ತಿಲ್ಲ ಎಂದೆ ನೀನು. ಅಂಗನವಾಡಿ ಕೆಲಸಕ್ಕೂ ಹೋಗುತ್ತಿಲ್ಲ. ನೀನು ಬಾದನಹಟ್ಟಿ ಶಾಲೆ ಮುಗಿಸಿ ಸಿರಿಗೇರಿಗೆ ಬರುವಷ್ಟರಲ್ಲಿ ಹೊಸ್ತಿಲ ಒಳಗೆ ಕೂತಿರುತ್ತಾಳೆ. ದೀಪ ಹಚ್ಚುವ ಹೊತ್ತಿಗೆ ಎರಡು ತಾಟಿಗೆ ಬಡಿಸಿ ಒಂದನ್ನು ಹೊಸ್ತಿಲ ಹೊರಗೆ ಇಡುತ್ತಾಳೆ. ತನ್ನ ತಾಟಿಗೆ ಕೈ ಹಚ್ಚುವುದಿಲ್ಲ. ಪಕ್ಕದ ಮನೆಯ ದುರುಗಣ್ಣ, ಹಿಂಗ ಬಾಗ್ಲ ತಗದಿಟ್ರ ನಮ್ಮ ಮ್ಯಾಕಿ ಒಳಗ ಹೊಕ್ಕು ನಿಮ್ಮ ಅಕ್ಕಿ ಚೀಲ ಬರಿದ ಮಾಡ್ತಾವ, ಆಮ್ಯಾಲ ನನ್ನ ಮ್ಯಾಲ ಬರಬ್ಯಾಡ್ರಿ ಎಂದು ನಗಿಸಲು ನೋಡಿದನಂತೆ. ಅವ್ವ ನಗಲಿಲ್ಲವಂತೆ.

ಇದೆಲ್ಲ ನಾನು ಮಾಡಿಕೊಟ್ಟ ಡಿವಿಡಿ ನೋಡಿದ ಸಂಜೆಯಿಂದ ಶುರುವಾಯಿತು ಎಂದೆ. ಅದರಲ್ಲಿ ನಿಮ್ಮಣ್ಣ ಬಾಗಿಲು ತೆಗೆ ಎಂದು ಮೂರು ಸಲ ಕರೆಯುತ್ತಾನೆ, ಮೂಲದಲ್ಲೂ ಹಾಗೆಯೇ ಇದೆಯಾ ಎಂದು ಕೇಳಿದೆ. ಇಲ್ಲ. ಮೂಲದಲ್ಲಿ ಇರುವುದು ಎರಡು ಸಲ.

ಮೂರನೆಯದು ಹೇಗೆ ಬಂತು ಎಂದು ಹೇಳಲು ಹಿಂದಿನಿಂದ ಬರಬೇಕು. ಯುಗಾದಿ ಕಳೆದ ವಾರ ನಿಮ್ಮಣ್ಣ ವೀರಭದ್ರ ಸಿರಿಗೇರಿ ಕ್ರಾಸಿನಿಂದ ಊರೊಳಗೆ ಬರುವಾಗ, ದೀಪವಿಲ್ಲದೆ ನಿಂತಿದ್ದ ಹುಲ್ಲಿನ ಟ್ರ್ಯಾಕ್ಟರಿಗೆ ಬೈಕು ಹೊಡೆದು ಹೋಗಿಬಿಟ್ಟ. ಫೋನು ಪುಡಿಯಾಗಿ ಒಳಗಿನ ಮೆಮೊರಿ ಕಾರ್ಡು ಮಾತ್ರ ಉಳಿಯಿತು. ರಸ್ತೆಯಲ್ಲಿ ಬಿದ್ದಿದ್ದ ಆ ಫೋನನ್ನು ಅವ್ವ ಮನೆಯೊಳಗೆ ತರಗೊಡಲಿಲ್ಲ. ಆದರೆ ಮಗನ ಮುಖವನ್ನು ಟಿವಿಯಲ್ಲಿ ನೋಡಬೇಕು ಎಂದಳು. ನಿಮ್ಮದು ಹಳೆಯ ದಪ್ಪ ಟಿವಿ, ಪೆನ್‌ಡ್ರೈವ್ ಹಾಕಲು ಜಾಗವಿಲ್ಲ. ನಿಮ್ಮಣ್ಣ ಯಾವಾಗಲೋ ತಂದಿಟ್ಟ ಡಿವಿಡಿ ಪ್ಲೇಯರ್ ಇತ್ತು. ಸ್ಟುಡಿಯೋದವರ ಕೈಗೆ ಕೊಡಲು ಮನಸ್ಸಾಗದೆ ನೀನು ಹೋದ ತಿಂಗಳು ಕಾರ್ಡನ್ನು ನನಗೆ ಕೊಟ್ಟೆ. ನೋಡಾಕ ನನ್ನ ಕೈಲಿ ಆಗಂಗಿಲ್ಲ, ನೀನ ನೋಡಿ ಮಾಡು ಎಂದೆ. ನಾನು ಮರುಮಾತಿಲ್ಲದೆ ಕೈಚಾಚಿದೆ. ನಿನಗೆ ಅದು ಸ್ನೇಹ ಎನಿಸಿರಬೇಕು.

ಖಾಲಿ ಡಿಸ್ಕಿಗಾಗಿ ಕೌಲ್ ಬಜಾರಿನಲ್ಲಿ ನಾಲ್ಕು ಅಂಗಡಿ ಅಲೆದೆ. ಕೊನೆಯ ಅಂಗಡಿಯವನು ಧೂಳು ಹಿಡಿದ ಡಬ್ಬಿ ಇಳಿಸುತ್ತ, ಹೊಲದಾಗ ಗುಬ್ಬಿ ಹೆದರ್ಸಾಕ ಕಟ್ತೀಯೇನಮ್ಮ, ಹಂಗಾದ್ರ ಹಾಳಾದವ ಅದಾವ, ಪುಕ್ಕಟ ಒಯ್ಯಿ ಎಂದ. ಹಾಡಬೇಕಾದವು ಬೇಕು ಎಂದೆ. ಅಷ್ಟು ಹೇಳುವುದರಲ್ಲೇ ನನ್ನ ಮುಖ ಕೆಂಪಾಗಿತ್ತು.

ಮೊದಲ ಡಿಸ್ಕು ಹಾಳಾಯಿತು. ಫೈಲುಗಳನ್ನು ಇದ್ದ ಹಾಗೆಯೇ ನಕಲು ಮಾಡಿಬಿಟ್ಟಿದ್ದೆ. ನಮ್ಮ ಮನೆಯ ಹಳೆಯ ಪ್ಲೇಯರು ಅದನ್ನು ಸ್ವಲ್ಪ ಹೊತ್ತು ತಿರುಗಿಸಿ, ಡಿಸ್ಕ್ ಇಲ್ಲ ಎಂದು ತೋರಿಸಿತು. ಒಳಗೆ ಇದ್ದಾನೆ, ಆದರೆ ಇಲ್ಲ ಎನ್ನುತ್ತಿದೆ. ಹೊರತೆಗೆದು ಮತ್ತೆ ಹಾಕಿ ನೋಡಿದೆ. ಆಮೇಲೆ ತಿಳಿಯಿತು, ಪ್ಲೇಯರಿಗೆ ಅದರದೇ ಒಂದು ಲಿಪಿ ಇದೆ. ಫೋನಿನ ವಿಡಿಯೋವನ್ನು ಆ ಲಿಪಿಗೆ ಇಳಿಸದಿದ್ದರೆ ಅದು ಓದುವುದಿಲ್ಲ. ಡಿವಿಡಿ ಸ್ಟೈಲರ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದೊಂದೇ ವಿಡಿಯೋ ಎಳೆದು ಹಾಕಿ, ಮೊದಲ ಪರದೆಗೆ ಒಂದು ಮೆನು ಮಾಡಿ, ಸುಡಲು ಬಿಟ್ಟೆ. ಡಿಸ್ಕಿಗೆ ಬರೆಯುವುದಕ್ಕೆ ಎಲ್ಲರೂ ಸುಡುವುದು ಎನ್ನುತ್ತಾರೆ. ನಾನು ಆ ಮಾತನ್ನು ನಮ್ಮಜ್ಜಿಯೆದುರು ಆಡಲಿಲ್ಲ.

ನಿಮ್ಮಣ್ಣ ಎಲ್ಲವನ್ನೂ ಫೋನು ನೆಟ್ಟಗೆ ಹಿಡಿದು ತೆಗೆದಿದ್ದ. ಟಿವಿಯಲ್ಲಿ ಎಡಕ್ಕೂ ಬಲಕ್ಕೂ ಕಪ್ಪು, ನಡುವೆ ಒಂದು ಉದ್ದನೆಯ ಪಟ್ಟಿಯಲ್ಲಿ ಅವನ ಲೋಕ. ಅರ್ಧ ತೆರೆದ ಬಾಗಿಲಿನಿಂದ ನೋಡಿದ ಹಾಗೆ.

ಫೈಲುಗಳ ಸಾಲಿನಲ್ಲಿ ಮೊದಲು ಬಂದದ್ದು ಅವನು ಕೊನೆಯದಾಗಿ ತೆಗೆದ ವಿಡಿಯೋ. ಇಪ್ಪತ್ತೆರಡು ಸೆಕೆಂಡು. ಅವನು ಕಾಣುವುದಿಲ್ಲ, ನಿಮ್ಮ ಮನೆಯ ನೀಲಿ ಬಾಗಿಲು ಕಾಣುತ್ತದೆ, ಮಬ್ಬು ಬೆಳಕು. ಅವನ ದನಿ ಕೇಳುತ್ತದೆ: “ಅವ್ವಾ, ಬಾಗ್ಲ ತಗೀ.” ಸ್ವಲ್ಪ ತಡೆದು ಇನ್ನೊಮ್ಮೆ. ಅದನ್ನು ಟಿವಿಯಲ್ಲಿ ಪರೀಕ್ಷಿಸುವಾಗ ಅಜ್ಜಿ ಲಕ್ಷ್ಮೀಬಾಯಿ ದೇವರ ಮನೆಯಿಂದಲೇ, “ಯಾರೋ ಬಾಗಲದಾಗ ಕರೀಲಿಕ್ಕತ್ತಾರ ನೋಡು. ಎರಡ ಸಲ ಆತು. ಮೂರನೇದಕ್ಕ ತಗೀ, ಈಗ ಬ್ಯಾಡ” ಎಂದಳು. ನಮ್ಮಲ್ಲೂ ನಿಮ್ಮಲ್ಲೂ ಈ ಮಾತು ಒಂದೇ. ಮುಸ್ಸಂಜೆಯಲ್ಲಿ ಕರೆಯುವುದು ಗುರುತಿನ ದನಿಯೇ ಆದರೂ ಓಗೊಡಬಾರದು. ದೆವ್ವ ಗಾಳಿಯಾಗಿದ್ದರೆ ಎರಡು ಸಲ ಕರೆಯುತ್ತದೆ, ಮೂರನೆಯ ಸಲ ಕರೆಯಲು ಅದಕ್ಕೆ ಬಾಯಿಲ್ಲ. ಅಜ್ಜಿ ಮೂರನೆಯದಕ್ಕೆ ಕಿವಿಗೊಟ್ಟು ಕೂತಳು. ಅದು ಬರಲಿಲ್ಲ. ಹೋಗಲಿ ಬಿಡು, ಮನುಷ್ಯರಲ್ಲ ಎಂದು ಮತ್ತೆ ಜಪಕ್ಕೆ ಹತ್ತಿದಳು.

ಡಿಸ್ಕು ಹಾಕಿದೊಡನೆ ಮೊದಲು ಬರುವುದು ಮೆನು: ನಿಮ್ಮಣ್ಣ ನಗುತ್ತಿರುವ ಚಿತ್ರ. ಅವ್ವನಿಗೆ ರಿಮೋಟು ಒತ್ತಲು ಬಾರದೆಂದು, ಮೆನು ಐದು ಸೆಕೆಂಡು ನಿಂತು ತಾನಾಗಿ ವಿಡಿಯೋ ಶುರುವಾಗುವಂತೆ ಮಾಡಿದೆ. ಆ ಐದು ಸೆಕೆಂಡಿಗೆ ಒಂದು ಸದ್ದು ಹಾಕುವ ಜಾಗವಿತ್ತು. ಮೊದಲ ಫೈಲಿನಿಂದ ಒಂದು ಕರೆಯನ್ನು ಕತ್ತರಿಸಿ ಅಲ್ಲಿ ಹಾಕಿದೆ. ಮೆನುವಿನಲ್ಲಿ ಒಂದು, ವಿಡಿಯೋದಲ್ಲಿ ಎರಡು. ಅವ್ವನ ಕಿವಿಗೆ ಮೂರು.

ಇದನ್ನು ಕೈತಪ್ಪು ಎಂದು ಬರೆದು ಮುಗಿಸಬಹುದಿತ್ತು. ಗ್ರಂಥಸಂಪಾದನೆಯ ತರಗತಿಯಲ್ಲಿ ಕಲಿತದ್ದು ನಿನಗೂ ನೆನಪಿದೆ: ಲಿಪಿಕಾರನ ಕಣ್ತಪ್ಪು ಬೇರೆ, ಕೈತಪ್ಪು ಬೇರೆ, ಬೇಕೆಂದೇ ನಡುವೆ ಸೇರಿಸಿದ ಪ್ರಕ್ಷಿಪ್ತ ಬೇರೆ. ಇದು ಪ್ರಕ್ಷಿಪ್ತ, ಸುನಂದಾ. ನಿಮ್ಮಣ್ಣ ಹೋದ ಮೂರನೆಯ ದಿನ ನಾವು ಗೆಳತಿಯರೆಲ್ಲ ನಿಮ್ಮ ಮನೆಗೆ ಬಂದಾಗ ಅವ್ವ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು: “ಚಿಲಕದ ಮ್ಯಾಲ ಕೈ ಇಟ್ಕಂಡು ನಿಂತಿದ್ನಿ. ಎರಡ ಸಲ ಕರದ. ಮೂರನೇದು ಕರೀಲಿಲ್ಲ. ತಗದು ನೋಡಿದ್ರ ಯಾರೂ ಇಲ್ಲ.” ತಾನು ತೆಗೆಯಲಿಲ್ಲವೆಂದೇ ಮಗ ಆ ಸಂಜೆ ಬೇಸರದಿಂದ ಕ್ರಾಸಿಗೆ ತಿರುಗಿಹೋದ, ತಾನೇ ಅವನನ್ನು ಆ ಟ್ರ್ಯಾಕ್ಟರಿನ ದಾರಿಗೆ ಕಳಿಸಿದೆ ಎಂದು ಅವಳು ನಂಬಿದ್ದಾಳೆ. ನಾನು ಮೂಲೆಯಲ್ಲಿ ಕೂತು ಅವಳ ಬಲಗೈ ನೋಡುತ್ತಿದ್ದೆ. ಅದು ಗಾಳಿಯಲ್ಲಿ ಚಿಲಕ ಹಿಡಿದೇ ಇತ್ತು. ಆ ಕೈಗೆ ಮೂರನೆಯ ಕರೆಯೊಂದು ಕೇಳಿಸಿದರೆ ಬಿಡುಗಡೆಯಾದೀತು ಎಂದುಕೊಂಡೆ. ಬಾಗಿಲು ತೆರೆದುಕೊಂಡು ಮುಚ್ಚಲಾಗದೆ ಹೋದೀತು ಎಂದು ಹೊಳೆಯಲಿಲ್ಲ.

ನೀನು ಕೇಳಿದ ಇನ್ನೊಂದು ವಿಷಯ. ಮಗ ಬಂದಿಲ್ಲ ಎಂದು ಅವ್ವನೇ ಹೇಳುತ್ತಿದ್ದಾಳೆ ಎಂದೆ. “ಅವ ಬರ್ಲಿಲ್ಲ. ಆಕಿ ಬಂದಾಳ. ಹೊರಗ ನಿಂತಾಳ. ಒಳಗ ಬಾ ಅಂದ್ರ ತಲಿ ತಗ್ಗಸ್ತಾಳ.” ತಾಟು ಇಡುವುದು ಅವಳಿಗಂತೆ. ಯಾರವ್ವಾ ಆಕಿ ಎಂದು ನೀನು ಕೇಳಿದರೆ, ಟಿವಿಯೊಳಗೆ ಕೊನೆಯ ಕರೆಯಾದ ಮೇಲೆ, “ಸಾಕು, ನಡಿ. ಇನ್ನೊಂದ್ಸಲ ಕರೀಬ್ಯಾಡ” ಎಂದಳಲ್ಲ ಆ ಹುಡುಗಿ ಎಂದಳಂತೆ. ನೀನು ನಾಲ್ಕು ಸಲ ಹಾಕಿ ನೋಡಿದರೂ ನಿನಗೆ ಯಾವ ಹುಡುಗಿಯೂ ಕೇಳಲಿಲ್ಲ ಎಂದೆ. ನಾನೂ ನನ್ನ ಪ್ರತಿಯನ್ನು ಹಾಕಿ, ದನಿ ಪೂರ್ತಿ ಏರಿಸಿ ಕೇಳಿದ್ದೇನೆ. ಡಿಸ್ಕಿನಲ್ಲಿ ಅಂಥ ದನಿ ಇಲ್ಲ. ಇದು ನಿಜ.

ಇದರೊಂದಿಗೆ ಹೊಸ ಡಿಸ್ಕು ಇಟ್ಟಿದ್ದೇನೆ. ಇದರಲ್ಲಿ ಮೆನು ಇಲ್ಲ, ಆ ಬಾಗಿಲೂ ಇಲ್ಲ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಅವನು ಗೆಳೆಯರನ್ನು ಕುಣಿಸಿದ್ದು, ಕುರುಗೋಡಿನ ಗುಡ್ಡ ಹತ್ತಿ ಏದುಸಿರು ಬಿಟ್ಟಿದ್ದು, ನಿನ್ನ ಜಡೆಗೆ ಹುಲ್ಲು ಸಿಕ್ಕಿಸಿ ನೀನು ಬೈದದ್ದು, ಇಷ್ಟೇ. ಹಳೆಯದನ್ನು ತೆಗೆದು ಇದನ್ನು ಹಾಕು. ಅಂಚು ಹಿಡಿದು ಹಾಕು, ನಡುವೆ ಬೆರಳು ಮುಟ್ಟಿಸಬೇಡ.

ಅವ್ವನಿಗೆ ನನ್ನ ನಮಸ್ಕಾರ ಹೇಳು ಎಂದು ಬರೆಯಲು ಹೋಗಿ ಕೈ ತಡೆಯಿತು. ಹೇಳಬೇಡ, ಈಗಲೇ ಬೇಡ.

ನಿನ್ನ,
ಶ್ರೀವಲ್ಲಿ

ಮರೆತ ಮಾತು:

ಮರೆತದ್ದಲ್ಲ. ಸೇರಿಸಿದ್ದನ್ನು ಒಪ್ಪಿಕೊಂಡು ಬಿಟ್ಟದ್ದನ್ನು ಮುಚ್ಚಿಟ್ಟರೆ ಅದೆಂಥ ಸಂಪಾದನೆ. ಆ ಫೈಲು ಇಪ್ಪತ್ತೆರಡು ಸೆಕೆಂಡಿನದಲ್ಲ, ಇಪ್ಪತ್ತೊಂಬತ್ತು. ಕೊನೆಯ ಏಳನ್ನು ನಾನು ಕತ್ತರಿಸಿದೆ. ಅದರಲ್ಲಿರುವ ದನಿ ನನ್ನದು. ಅವ್ವ ಹೇಳಿದ ಮಾತಿನಲ್ಲಿ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಡಿಸ್ಕಿನಲ್ಲಿ ಇಲ್ಲದ್ದನ್ನು ಅವಳು ಕೇಳಿದಳೋ, ಅಂದು ಬಾಗಿಲ ಹಿಂದೆ ನಿಂತು ಕೇಳಿದ್ದು ಈಗ ಮೇಲೆ ಬಂತೋ, ನನಗೆ ಗೊತ್ತಿಲ್ಲ.

ಬೈಕನ್ನು ಓಣಿಯ ತುದಿಯಲ್ಲಿ ನಿಲ್ಲಿಸಿ ನಡೆದು ಬಂದಿದ್ದೆವು. ಅವ್ವ ಬಾಗಿಲು ತೆಗೆದು ನನ್ನನ್ನು ಮೊದಲ ಸಲ ನೋಡುವಾಗ ಅವಳ ಮುಖ ಹೇಗಾಗುತ್ತದೆ ಎಂದು ಹಿಡಿಯಬೇಕು ಅಂತ ವೀರಭದ್ರ ಫೋನು ಎತ್ತಿಕೊಂಡಿದ್ದ. ಎರಡನೆಯ ಕರೆಯಾದ ಮೇಲೆ ಒಳಗೆ ಚಿಲಕ ಅಲುಗಿತು. ಫೈಲಿನಲ್ಲಿ ಆ ಸದ್ದು ಸ್ಪಷ್ಟವಾಗಿದೆ. ಅವ್ವ ತೆಗೆಯಲಿಲ್ಲವೆಂದು ಅವನು ಹೋಗಲಿಲ್ಲ, ಸುನಂದಾ. ಅವ್ವ ತೆಗೆಯುತ್ತಿದ್ದಾಳೆಂದು ಗೊತ್ತಾಗಿ ನಾನು ಅವನ ತೋಳು ಹಿಡಿದು ಎಳೆದೆ. ನಾಚಿಕೆಯೋ ಭಯವೋ, ನಮ್ಮ ಮನೆಯ ಮಡಿ ನೆನಪಾಯಿತೋ. ಕ್ರಾಸಿನಲ್ಲಿ ನನ್ನನ್ನು ಬಳ್ಳಾರಿ ಬಸ್ಸು ಹತ್ತಿಸಿ, ಅವ್ವನನ್ನು ಈಗ ಹೋಗಿ ಕರೀತೀನಿ, ಮುಂದಿನ ವಾರ ನೀನು ಓಡಬ್ಯಾಡ ಎಂದು ನಗುತ್ತ ತಿರುಗಿದ. ಮೂರನೆಯ ಸಲ ಕರೆಯಲೆಂದೇ ಬರುತ್ತಿದ್ದ.

ಇನ್ನೊಂದು. ಒಂಬತ್ತು ದಿನದಿಂದ ಮುಸ್ಸಂಜೆಯಲ್ಲಿ ಅಜ್ಜಿ ನನ್ನನ್ನು ಮೂರು ಸಲ ಕರೆದರೂ ನಾನು ಓಗೊಡುವುದಿಲ್ಲವಂತೆ. ಅವಳೆದುರಿಗೇ ಕೂತಿರುತ್ತೇನಂತೆ, ತಲೆ ತಗ್ಗಿಸಿಕೊಂಡು. ಎಲ್ಲಿಗ ಹೋಗಿದ್ದೀಯೇ ಎನ್ನುತ್ತಾಳೆ. ನನಗೆ ಆ ಹೊತ್ತಿನ ನೆನಪು ಇರುವುದಿಲ್ಲ. ಪಾದ ಮಾತ್ರ ತಣ್ಣಗಿರುತ್ತದೆ, ಹೊರಗಿನ ಕಲ್ಲಿನ ಮೇಲೆ ನಿಂತಿದ್ದ ಹಾಗೆ.

ಆ ಏಳು ಸೆಕೆಂಡನ್ನು ಡಿಸ್ಕಿಗೆ ಇಳಿಸಲು ಕೂತೆ, ಆಗಲಿಲ್ಲ. ನಾನೇ ತರುತ್ತೇನೆ. ಭಾನುವಾರ ದೀಪ ಹಚ್ಚುವ ಮೊದಲು ಸಿರಿಗೇರಿಯಲ್ಲಿರುತ್ತೇನೆ. ಅವ್ವ ಬೇಡವೆಂದರೂ ಅದೊಂದು ಸಂಜೆ ಬಾಗಿಲು ಮುಚ್ಚಿ ಚಿಲಕ ಹಾಕು. ಯಾರು ಬಂದರೆಂದು ಹೇಳಬೇಡ. ನಾನು ಹೊರಗೆ ನಿಂತು ಕರೆಯುತ್ತೇನೆ. ಮೂರು ಸಲ.