ಹೆಂಗಸರ ಬಾಗಿಲ ಬಳಿ ನನ್ನ ಕೆಲಸ

ನಿನ್ನೆ ಬರೆದಿದ್ದೆನಲ್ಲ, ನೀನು ತೀರಿಹೋದ ಮೇಲೂ ನಮಾಜು ಮುಗಿದೊಡನೆ ಬಡಾವಣೆಯ ಮಸೀದಿಯ ಹೆಂಗಸರ ಬಾಗಿಲ ಬಳಿಯೇ ಹೋಗಿ ನಿಲ್ಲುತ್ತೇನೆ; ನಿನಗಾಗಿ ಕಾದು ಕಾದು ಕಾಲಿಗೆ ಅದೇ ರೂಢಿ. ಇವತ್ತು ಮಧ್ಯಾಹ್ನ ಹೊಸ ಕಾರ್ಯದರ್ಶಿ ಬಂದು, "ಯಜಮಾನ್ರೇ, ಇಲ್ಲಿ ನಿಮಗೇನು ಕೆಲಸ?" ಎಂದ. ಕಾಲೇಜಿನ ಇಂಗ್ಲಿಷ್ ತೆಗೆದು "ಐ ಯಾಮ್ ವೇಟಿಂಗ್ ಫಾರ್..." ಎಂದೆ, ಮುಂದಿನ ಪದ ಬರಲಿಲ್ಲ. ಅಷ್ಟರಲ್ಲಿ ನಮ್ಮ ಬೀದಿಯ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ನರ್ಸಮ್ಮ ಹೊರಬಂದು, ತನ್ನ ಕೂಸನ್ನು ನನ್ನ ತೋಳಿಗೆ ಹಾಕಿ, ಬಗ್ಗಿ ಚಪ್ಪಲಿ ಹುಡುಕುತ್ತಾ ಹೇಳಿದಳು: "ಚಾಚಾ ನಿಲ್ಲೋದೇ ಇಲ್ಲಿ. ಅವರನ್ನ ಕಳಿಸಿದ್ರೆ ಇವನನ್ನ ನೀವೇ ಎತ್ಕೋಬೇಕು, ನೋಡಿ."

ಕಾರ್ಯದರ್ಶಿ ಕೂಸಿನ ಸುರಿಯುವ ಮೂಗು ನೋಡಿ ಜಾಗ ಖಾಲಿ ಮಾಡಿದ. ನನ್ನ ಜಾಗ ಗಟ್ಟಿಯಾಯಿತು. ಚಪ್ಪಲಿ ಸಿಕ್ಕ ಮೇಲೆ ನರ್ಸಮ್ಮ ಕೂಸನ್ನು ಎತ್ತಿಕೊಂಡು ಹೋದಳು; ಎಲ್ಲರೂ ಹೋದ ಮೇಲೂ ಸ್ವಲ್ಪ ಹೊತ್ತು ನಿಂತಿದ್ದೆ. ನೀನು ಯಾವಾಗಲೂ ಕೊನೆಗೆ ಬರುವವಳು.

ಬೆಳಕು ಇಳಿಯುತ್ತಿದೆ, ಬರೆದ ಸಾಲು ಕಾಣುತ್ತಿಲ್ಲ. ಸಂಜೆಯ ನಮಾಜಿಗೆ ಹೊರಡುತ್ತೇನೆ.