ನೂರಿಪ್ಪತ್ತು ಕಿಲೋ ದಾಟಿದವರು

ತೂಕ ಇಳಿಸುವ ಯೋಜನೆಯ ಮಾನ್ಯ ಮೇಲಧಿಕಾರಿಗಳೇ,

ಮೂರು ತಿಂಗಳಲ್ಲಿ ನಾನು ಹದಿಮೂರು ಕಿಲೋ ಇಳಿದಿದ್ದೇನೆ. ತಮ್ಮ ಕಚೇರಿಯ ಪತ್ರ ಮಾತ್ರ ನಾನು ಒಂದು ಗ್ರಾಂ ಕೂಡ ಇಳಿದಿಲ್ಲವೆಂದೂ, 'ಆರೋಗ್ಯದ ಬಗ್ಗೆ ಆಸಕ್ತಿ ತೋರದ ಕಾರಣ' ನನ್ನ ಹೆಸರನ್ನು ಪಟ್ಟಿಯಿಂದ ಕೈಬಿಡಲಾಗಿದೆಯೆಂದೂ ತಿಳಿಸುತ್ತದೆ. ಅಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ತೂಕ ಮಾಡಲು ಬರುವುದಿಲ್ಲ. ನಾನಂತೂ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಅದೊಂದೇ ಕೆಲಸ ಮಾಡುತ್ತಿದ್ದೇನೆ.

ಚೀಲವನ್ನು ಕಾಟಾದ ಮೇಲೆ ಇಟ್ಟಾಗ ತೂಕ ನೋಡಿ ಕೂಗುವವನು ನಾನು. ಬೆಳಗ್ಗೆ ತೂಗಿದ ಚೀಲದ ತೂಕವನ್ನು ಸಂಜೆ ಕೇಳಿದರೂ ಹೇಳುತ್ತಿದ್ದೆ. ಕಳೆದ ಸುಗ್ಗಿಯಲ್ಲಿ ಆ ನೆನಪು ಕೈಕೊಟ್ಟಿತು. ಒಂದೇ ಚೀಲದ ತೂಕವನ್ನು ಎರಡು ಸಲ ಕೂಗಿದೆ. ಇನ್ನೊಮ್ಮೆ, ಒಂದು ಚೀಲವನ್ನು ತೂಗಿದ್ದೇ ನೆನಪಾಗಲಿಲ್ಲ. ಅಂಗಡಿಯ ಮಾಲೀಕ ಕೊಟ್ರಪ್ಪ ನನ್ನನ್ನು ಬದಿಗೆ ಕರೆದ. "ಮಲ್ಲಿಕಸಾಬ, ಇದು ಎರಡನೇ ಸಲ ಆತು. ನಿನ್ನ ಬಿಡಾಕ ನನಗ ಮನಸಿಲ್ಲ. ಮೊದಲ ದವಾಖಾನಿಗೆ ಹೋಗಿ ಬಾ" ಎಂದ. ಅಂದು ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಊಟ ಸೇರದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು. ಹೆಂಡತಿ ಅಕ್ಬರಬಿ ಗಾಬರಿಯಾದಳು.

ಹಾವೇರಿಯ ತಮ್ಮ ತಪಾಸಣಾ ಶಿಬಿರಕ್ಕೆ ಆಕೆಯೇ ಕರೆದೊಯ್ದಳು. ಅಲ್ಲಿದ್ದ ಡಾಕ್ಟರು ಸ್ನೇಹಾ ನನ್ನ ಮಗಳ ವಯಸ್ಸಿನವರು. ಸಕ್ಕರೆ, ಥೈರಾಯ್ಡ್, ನಿದ್ದೆ ಎಲ್ಲ ವಿಚಾರಿಸಿದರು, ಅವೆಲ್ಲ ನೆಟ್ಟಗಿದ್ದವು. ಆಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. "ಮೆದುಳಿನ್ಯಾಗ ಬರೇ ನರಕೋಶ ಇರೂದಿಲ್ರಿ ಚಾಚಾ. ಅವನ್ನ ಜ್ವಾಪಾನ ಮಾಡೋ ಕೋಶನೂ ಅದಾವು. ಕೆಲವು ಉಣಸ್ತಾವು, ಕೆಲವು ಕಸ ತಗದು ಕಾವಲ ಕಾಯ್ತಾವು" ಎಂದರು. ಹೊಟ್ಟೆಯ ಬೊಜ್ಜು ಅತಿಯಾದರೆ ಅದರಿಂದ ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರುತ್ತವಂತೆ. ಅದರಿಂದ ಮೆದುಳಿನ ಕಾವಲು ಕೋಶಗಳು ಕೆರಳಿ, ತಾವು ಕಾಯಬೇಕಾದ ನರಕೋಶಗಳಿಗೇ ತೊಂದರೆ ಕೊಡಬಹುದಂತೆ. ಇದನ್ನು ಹೆಚ್ಚಾಗಿ ಇಲಿಗಳಲ್ಲಿ ಕಂಡಿದ್ದಾರೆ, ಮನುಷ್ಯರಲ್ಲಿ ಸಂಶೋಧನೆ ಇನ್ನೂ ನಡೆದಿದೆ, ನನ್ನ ಮರೆವಿಗೆ ಇದೇ ಕಾರಣವೆಂದು ಬರೆದುಕೊಡಲಾರೆ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಆದರೂ ತೂಕ ಇಳಿಸುವುದು ಒಳ್ಳೆಯದು ಎಂದರು. ಐವತ್ತೆರಡು ವರ್ಷದಲ್ಲಿ ನನ್ನ ಹೊಟ್ಟೆಯ ವಿಷಯವನ್ನು ನಗದೆ ಮಾತಾಡಿದವರು ಅವರೊಬ್ಬರೇ.

ತಕ್ಷಣ ತಮ್ಮ ತೂಕದ ಯಂತ್ರ ಹತ್ತಿದೆ. ಅದು ನೂರಿಪ್ಪತ್ತಕ್ಕೆ ಕೈಚೆಲ್ಲಿತು. ಸಿಬ್ಬಂದಿ 'ನೂರಿಪ್ಪತ್ತು' ಎಂದು ಬರೆದುಕೊಂಡರು. ಕಂಪ್ಯೂಟರು ಅದಕ್ಕಿಂತ ಹೆಚ್ಚು ಒಪ್ಪುವುದಿಲ್ಲವಂತೆ. ಮರುದಿನ ನಾನು ಮೆಣಸಿನಕಾಯಿಯ ಕಾಟಾ ಹತ್ತಿದೆ. ನೂರಾ ಮೂವತ್ನಾಲ್ಕು. ಹಮಾಲರು ಯಾವ ರೈತನ ಮಾಲು ಎಂದು ವಿಚಾರಿಸಿದರು. ನಗಲಿ ಬಿಡಿ.

ಅಂದಿನಿಂದ ಮಿರ್ಚಿ ಮಂಡಕ್ಕಿ ಬಿಟ್ಟೆ. ನಸುಕಿನಲ್ಲಿ ಮಾರುಕಟ್ಟೆಯ ಸುತ್ತ ನಾನು ಮುಂದೆ, ಅಕ್ಬರಬಿ ಹಿಂದೆ; ಎರಡನೇ ತಿಂಗಳಿಗೆ ಆಕೆ ಮುಂದೆ. ಈಗ ನೂರಾ ಇಪ್ಪತ್ತೊಂದು. ಮೂರು ತಿಂಗಳಿಗೆ ಮತ್ತೆ ಹತ್ತಿದಾಗಲೂ ತಮ್ಮ ಯಂತ್ರ ಮಾತ್ರ ನೂರಿಪ್ಪತ್ತೇ ಎಂದಿತು. ಎರಡು ತಿಂಗಳಿಂದ ಒಂದು ಚೀಲವನ್ನೂ ತಪ್ಪು ಕೂಗಿಲ್ಲ. ಇದು ತೂಕದಿಂದಲೋ ನಡಿಗೆಯಿಂದಲೋ ನಾನರಿಯೆ. ಕೇಳೋಣವೆಂದರೆ, ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಡಾಕ್ಟರ ಬಳಿ ಬಿಡುವುದಿಲ್ಲ. ಇನ್ನೆರಡು ಕಿಲೋ ಇಳಿದರೆ ಒಟ್ಟು ಹದಿನೈದಾಗುತ್ತದೆ. ತಮ್ಮ ದಾಖಲೆಯಲ್ಲಿ ಒಂದು ಕಿಲೋ ಎಂದು ಬರಬಹುದು. ಇದು ಯಾವ ಗಣಿತ ಸ್ವಾಮೀ?

ನನ್ನದಾದರೂ ಹೋಗಲಿ. ರಾಣೇಬೆನ್ನೂರು ತಾಲೂಕಿನ ಐರಣಿಯ ಉಚ್ಚಂಗೆವ್ವ ಎಂಬಾಕೆ ಶಿಬಿರದ ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದವಳು. ಅಂಥದೇ ಪತ್ರ ಆಕೆಗೂ ಬಂತು. ಗಂಡ ಅದನ್ನು ಓದಿ, ಕದ್ದು ತಿನ್ನುತ್ತೀಯೆಂದು ಬೈದನಂತೆ. ಆಕೆ ಎರಡು ಬಸ್ಸು ಬದಲಿಸಿ, ನಮ್ಮ ಅಂಗಡಿಯ ಕಾಟಾ ಹುಡುಕಿಕೊಂಡು ಬ್ಯಾಡಗಿಗೆ ಬಂದಳು. ಅಕ್ಬರಬಿ ಹಮಾಲರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಎಳೆದುಕೊಂಡಳು. ಒಳಗೆ ಅವರಿಬ್ಬರೇ. ನೂರಾ ಇಪ್ಪತ್ತಾರು. ಶಿಬಿರಕ್ಕೆ ಸೇರುವ ಮುನ್ನ ಊರಿನ ಗಿರಣಿಯ ಕಾಟಾದಲ್ಲಿ ನೂರಾ ಮೂವತ್ತೆರಡು ಇತ್ತಂತೆ. ಹೊರಬಂದವಳು ನೇರ ನನ್ನ ಬಳಿ ಬಂದಳು.

"ಆರು ಕಿಲೋ ಇಳದೇನ್ರಿ ಅಣ್ಣಾ. ಇದನ್ನ ಒಂದು ಚೀಟಿಮ್ಯಾಲ ಬರದು ಕೊಡ್ರಿ, ಮನ್ಯಾಗ ತೋರಸ್ತೇನಿ" ಎಂದಳು.

ಮೆಣಸಿನಕಾಯಿ ಅಂಗಡಿಯ ಚೀಟಿಯ ಮೇಲೆ ಬರೆದುಕೊಟ್ಟೆ. ಕೆಳಗೆ ಸಹಿ ಹಾಕಿದೆ. ಒಬ್ಬ ಹೆಣ್ಣುಮಗಳ ಮಾನಕ್ಕೆ ಸಾಕ್ಷಿ ಹೇಳಬೇಕಾದದ್ದು ನನ್ನ ಚೀಟಿಯೇ, ತಮ್ಮ ಕಡತವೇ?

ಆದ್ದರಿಂದ ಇನ್ನೂರು ಕಿಲೋವರೆಗೆ ತೂಗುವ ಒಂದು ಯಂತ್ರ ತರಿಸಿ, ಅದರ ಸುತ್ತ ಒಂದು ಪರದೆ ಕಟ್ಟಿಸಿ, ಕೈಬಿಟ್ಟ ಹೆಸರುಗಳನ್ನೆಲ್ಲ ಮರಳಿ ಸೇರಿಸಿ. ಉದ್ಘಾಟನೆ, ಹಾರ, ಭಾಷಣ ಬೇಡ. ಅದು ಬಂದ ದಿನ ನಾನು ಸರದಿಯ ಕೊನೆಯಲ್ಲಿ ನಿಲ್ಲುತ್ತೇನೆ. ಮೊದಲು ಉಚ್ಚಂಗೆವ್ವನನ್ನು ತೂಗಿ, ತಮ್ಮ ಕಚೇರಿಯ ಮೊಹರು ಒತ್ತಿ, ಆಕೆಯ ಕೈಗೆ ಕಾಗದ ಕೊಡಿ.

ಇಂತಿ,
ಇನ್ನೂ ಸಾಕಷ್ಟು ದಪ್ಪಗಿರುವ, ಆದರೂ ತಮ್ಮ ಕಣ್ಣಿಗೆ ಬೀಳದ
ಮಲ್ಲಿಕಸಾಬ, ಬ್ಯಾಡಗಿ